ಹೊಳೆ ಹರಿಯುವ ಕಡೆಯವರ ಮಾತು: ಹಿಲಿಗಾಯ್ನೋನ್ ನುಡಿ, ಅದರ ಕತೆಗಳು

ಮನಿಲಾದ ಟಾಗಲೊಗ್ ಮಾತಿನಲ್ಲಿ 'ಆನಾಯ್' ಅಂದರೆ ಗೆದ್ದಲು. ಅದೇ ಫಿಲಿಪ್ಪೀನ್ಸಿನ ಇಲೊಯಿಲೊ ಊರಿಗೆ ಹೋದರೆ 'ಆನಾಯ್' ಅಂದರೆ 'ಸದ್ಯಕ್ಕೆ, ಮೊದಲು'. ಮನೆಗೆ ಬಂದವರಿಗೆ ಅಲ್ಲಿನವರು 'ಕಾಓನ್ ಆನಾಯ್' ಅನ್ನುತ್ತಾರೆ. ಮೊದಲು ಊಟ ಮಾಡಿ, ಆಮೇಲೆ ಉಳಿದದ್ದು, ಅಂತ. ಟಾಗಲೊಗ್ ಮಾತ್ರ ಬಲ್ಲವರ ಕಿವಿಗೆ ಅಲ್ಲಿ ಗೆದ್ದಲೊಂದು ಬಂದು ಕೂತ ಹಾಗೆ ಕೇಳಿಸುತ್ತೆ. ಸೆಬು ದ್ವೀಪದವರ 'ಲಂಗ್ಗಾಮ್' ಪದದ ಕತೆಯೂ ಇದೇ. ಅವರಿಗೆ ಅದು ಹಕ್ಕಿ, ಮನಿಲಾದವರಿಗೆ ಇರುವೆ. ಇಲೊಯಿಲೊದವರು ಈ ಜಗಳಕ್ಕೇ ಬರುವುದಿಲ್ಲ. ಅವರ ಹಕ್ಕಿ 'ಪಿಸ್‌ಪಿಸ್'.

ಈ ಇಲೊಯಿಲೊದವರ ಮಾತಿನ ಹೆಸರು ಹಿಲಿಗಾಯ್ನೋನ್. ಊರಲ್ಲಿ ಜನ ಸುಮ್ನೆ 'ಇಲೊಂಗೊ' ಅನ್ನುತ್ತಾರೆ. ಜನಕ್ಕೂ ಅದೇ ಹೆಸರು, ಮಾತಿಗೂ ಅದೇ ಹೆಸರು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಇದನ್ನು ಆಡುತ್ತಾರೆ. ಆದರೂ ಫಿಲಿಪ್ಪೀನ್ಸಿನಲ್ಲೇ ಎಷ್ಟೋ ಜನ ಇದನ್ನು 'ಡಯಲೆಕ್ಟ್' ಅಂತ ಕರೆದು ಮುಂದೆ ಹೋಗುತ್ತಾರೆ. ಅದು ತಪ್ಪು. ಟಾಗಲೊಗ್ ಮಾತ್ರ ಗೊತ್ತಿರುವವರಿಗೆ ಹಿಲಿಗಾಯ್ನೋನ್ ಅರ್ಥವಾಗುವುದಿಲ್ಲ. ಅರ್ಥವಾಗದ ಮೇಲೆ ಅದು ಬೇರೆ ಭಾಷೆಯೇ.

ಏಳು ಸಾವಿರದ ಆರುನೂರಕ್ಕೂ ಹೆಚ್ಚು ದ್ವೀಪಗಳಿರುವ ದೇಶ ಅದು. ಭಾಷೆಗಳು ನೂರಮೂವತ್ತು ಅನ್ನುವವರಿದ್ದಾರೆ, ನೂರೆಂಬತ್ತರ ಹತ್ತಿರ ಅನ್ನುವವರೂ ಇದ್ದಾರೆ. ಯಾವುದನ್ನು ಭಾಷೆ ಅಂತೀರಿ, ಯಾವುದನ್ನು ಒಳನುಡಿ ಅಂತೀರಿ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತೆ. ಹೆಚ್ಚುಕಡಿಮೆ ಎಲ್ಲವೂ ಆಸ್ಟ್ರೊನೇಷಿಯನ್ ಎಂಬ ದೊಡ್ಡ ಬಳಗಕ್ಕೆ ಸೇರಿದವು. ಮಲಯ, ಜಾವಾನೀಸ್, ಹವಾಯಿಯ ಮಾತು, ದೂರದ ಮಡಗಾಸ್ಕರಿನ ಮಾತು ಎಲ್ಲ ಇದೇ ಬಳಗ. ಹಿಲಿಗಾಯ್ನೋನಿನಲ್ಲಿ ಐದಕ್ಕೆ 'ಲೀಮಾ'. ಹವಾಯಿಯಲ್ಲೂ ಐದಕ್ಕೆ 'ಲೀಮಾ'! ನಡುವೆ ಒಂದು ಮಹಾಸಾಗರವೇ ಇದೆ. ಬಳಗದ ಒಳಗೆ ಮತ್ತೊಂದು ಚಿಕ್ಕ ಮನೆ ಬಿಸಾಯಾ. ಹಿಲಿಗಾಯ್ನೋನ್, ಸೆಬುವಾನೊ, ವಾರಾಯ್, ಕಿನರಾಯಾ, ಅಕ್ಲಾನೊನ್ ಎಲ್ಲ ಆ ಮನೆಯ ಅಕ್ಕತಂಗಿಯರು. ಮೂರು ಊರಿನ 'ಶುಭೋದಯ' ಕೇಳಿದರೆ ನೆಂಟಸ್ತಿಕೆ ತಿಳಿಯುತ್ತೆ. ಇಲೊಯಿಲೊದಲ್ಲಿ 'ಮಾಆಯೊಂಗ್ ಆಗಾ', ಸೆಬುವಿನಲ್ಲಿ 'ಮಾಆಯೊಂಗ್ ಬುಂತಾಗ್', ಮನಿಲಾದಲ್ಲಿ 'ಮಗಂದಾಂಗ್ ಉಮಾಗಾ'. ಮೊದಲ ಎರಡರಲ್ಲಿ 'ಒಳ್ಳೆಯ' ಒಂದೇ, ಬೆಳಗು ಬೇರೆ.

ಈಗ ಹೆಸರಿನ ವಿಷಯಕ್ಕೆ ಬರೋಣ. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ.

ಇಲೊಯಿಲೊ ಇರುವ ಪನಾಯ್ ಒಂದು ತ್ರಿಕೋನದಂಥ ದ್ವೀಪ. ಒಳಗೆ ಬೆಟ್ಟ, ಅಂಚಿನಲ್ಲಿ ಬಯಲು, ನಡುವೆ ಹೊಳೆಗಳು. ಅಲ್ಲಿನ ಮಾತಿನಲ್ಲಿ 'ಇಲಿಗ್' ಅಂದರೆ ನೀರು ಕೆಳಕ್ಕೆ ಹರಿಯುವುದು. 'ಇರಾಯಾ' ಅಂದರೆ ಹೊಳೆಯ ಮೇಲ್ದಂಡೆ. ಹೊಳೆ ಹರಿದು ಸೇರುವ ಕಡೆ, ಕಡಲಂಚಿನಲ್ಲಿದ್ದವರು ಹಿಲಿಗಾಯ್ನೋನ್ ಆದರು. ಮೇಲ್ದಂಡೆಯವರು ಕರಾಯಾ ಆದರು, ಅವರ ಮಾತು ಕಿನರಾಯಾ ಆಯಿತು. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಅಂತ ನಾವು ಅನ್ನುವುದಿಲ್ಲವೇ, ಹಾಗೇ. ಒಂದೇ ಹೊಳೆಯ ಎರಡು ತುದಿ ಎರಡು ಭಾಷೆಗೆ ಹೆಸರು ಕೊಟ್ಟಿದೆ.

ಇದು ಇವತ್ತು ಕೂತು ಹೆಣೆದ ಜೋಡಿಯಲ್ಲ. ಅಲೊನ್ಸೊ ದೆ ಮೆಂತ್ರಿದಾ ಎಂಬ ಅಗಸ್ಟೀನಿಯನ್ ಪಾದ್ರಿಯ ನಿಘಂಟು 1637ರಲ್ಲಿ ಅಚ್ಚಾಯಿತು. ಅದರ ತಲೆಬರಹದಲ್ಲೇ 'ಹಿಲಿಗೇಯ್ನಾ' ಮತ್ತು 'ಹರಾಯಾ' ಎರಡೂ ಹೆಸರು ಅಕ್ಕಪಕ್ಕ ನಿಂತಿವೆ. ಅದಕ್ಕೂ ಮೊದಲು, 1582ರಲ್ಲಿ, ಪನಾಯ್‌ನಲ್ಲಿ ನೆಲೆಸಿದ್ದ ಮಿಗೆಲ್ ದೆ ಲೊಆರ್ಕಾ ಎಂಬ ಸ್ಪೇನಿನವನು ಕಡಲ ತೀರದ ಜನರನ್ನು 'ಇಲಿಗೇಯ್ನೆಸ್' ಅಂತ ಬರೆದಿಟ್ಟಿದ್ದ. ಅವನ ಹತ್ತಿರ ಮತ್ತೆ ಬರೋಣ. ಅವನ ಜೇಬಿನಲ್ಲಿ ಒಂದು ಒಳ್ಳೆಯ ಕತೆಯಿದೆ.

ಇಲೊಯಿಲೊ ಎಂಬ ಊರಹೆಸರಿನದು ಬೇರೆ ದಾರಿ. ಹೊಳೆಬಾಯಿಯಲ್ಲಿ ಮೂಗಿನ ಹಾಗೆ ಚಾಚಿದ ನೆಲವಿತ್ತಂತೆ, ಅದಕ್ಕೆ 'ಇರೊಂಗ್-ಇರೊಂಗ್' ಅಂದರಂತೆ. ಮುಂದೆ ರ ಹೋಗಿ ಲ ಬಂತು. ಇಲ್ಲಿಂದ ಒಂದು ಜನಪ್ರಿಯ ಕತೆ ಹುಟ್ಟಿದೆ. ಮೊಲೊ ಪೇಟೆಯಲ್ಲಿ ಚೀನೀ ವರ್ತಕರಿದ್ದರು, ಅವರಿಗೆ ರ ಹೊರಳುತ್ತಿರಲಿಲ್ಲ. ಅವರ ಬಾಯಲ್ಲಿ ಕಿನರಾಯಾ ಮೆತ್ತಗಾಗಿ ಹಿಲಿಗಾಯ್ನೋನ್ ಆಯಿತು ಅಂತ. 'ಇಲ್ಲ' ಅನ್ನುವುದಕ್ಕೆ ಕಿನರಾಯಾದಲ್ಲಿ 'ವರಾ', ಹಿಲಿಗಾಯ್ನೋನಿನಲ್ಲಿ 'ವಲಾ'. ನೋಡಿದರೆ ನಿಜ ಅನಿಸುತ್ತೆ. ಆದರೆ ಭಾಷಾವಿಜ್ಞಾನಿ ಡೇವಿಡ್ ಜೋರ್ಕ್ 1977ರಲ್ಲಿ ಬಿಸಾಯಾ ನುಡಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ಚಿತ್ರ ಬೇರೆಯೇ ಬಂತು. ಕಿನರಾಯಾ ಪಶ್ಚಿಮ ಕವಲಿಗೆ ಸೇರಿತು, ಹಿಲಿಗಾಯ್ನೋನ್ ನಡುವಿನ ಕವಲಿಗೆ. ಅಂದರೆ ಹಿಲಿಗಾಯ್ನೋನಿಗೆ ಪಕ್ಕದ ಬೆಟ್ಟದ ಮಾತಿಗಿಂತ ಕಡಲಾಚೆಯ ವಾರಾಯ್ ಹತ್ತಿರದ ನೆಂಟ! ಒಂದು ಭಾಷೆ ಇನ್ನೊಂದರ ತೊದಲು ಅನ್ನುವ ಕತೆ ಕೇಳೋಕೆ ಚೆನ್ನ, ಅಷ್ಟೇ.

ಹೊಳೆಬಾಯಿಯಲ್ಲಿ ಕೂತ ಭಾಷೆಗೆ ಒಂದು ಲಾಭವಿದೆ. ಹಡಗು ಅಲ್ಲಿಗೇ ಬರುತ್ತೆ. 1855ರಲ್ಲಿ ಇಲೊಯಿಲೊ ಬಂದರು ಹೊರದೇಶದ ವ್ಯಾಪಾರಕ್ಕೆ ತೆರೆಯಿತು. ಮರುವರ್ಷ ಬ್ರಿಟಿಷ್ ಉಪ ಕಾನ್ಸಲ್ ನಿಕೊಲಸ್ ಲೋನಿ ಬಂದಿಳಿದ. ಸಕ್ಕರೆಗೆ ಬೇಡಿಕೆ ಬಂತು, ಪನಾಯ್‌ನವರು ಕಾಲುವೆಯಂಥ ಕಡಲು ದಾಟಿ ಎದುರಿನ ನೆಗ್ರೋಸ್ ದ್ವೀಪಕ್ಕೆ ಹೋಗಿ ಕಬ್ಬು ಹಾಕಿದರು. ಒಡೆಯರೂ ಹೋದರು, ಕಬ್ಬು ಕಡಿಯುವವರೂ ಹೋದರು. ಇವತ್ತಿಗೂ ನೆಗ್ರೋಸ್‌ನ ಪಡುವಣ ಮಗ್ಗುಲು ಹೆಚ್ಚಾಗಿ ಹಿಲಿಗಾಯ್ನೋನ್ ಆಡುತ್ತೆ, ಮೂಡಣ ಮಗ್ಗುಲು ಸೆಬುವಾನೊ. ಮಧ್ಯೆ ಬೆಟ್ಟಸಾಲು. 1939ರ ನಂತರ ಸರ್ಕಾರ ದಕ್ಷಿಣದ ಮಿಂಡನಾವೊದಲ್ಲಿ ಜಮೀನು ಕೊಟ್ಟು ಜನರನ್ನು ಕಳಿಸಿತು. ಹೋದವರಲ್ಲಿ ಇಲೊಂಗೊಗಳು ಜಾಸ್ತಿ. ಹಾಗಾಗಿ ಕೊರೊನಾಡಲ್ ಸುತ್ತಲ ಪೇಟೆಗಳಲ್ಲೂ ಇದೇ ಮಾತು.

ವ್ಯಾಕರಣ ಅಂದ ಕೂಡಲೇ ಓಡಿಹೋಗಬೇಡಿ. ಫಿಲಿಪ್ಪೀನ್ಸ್ ಭಾಷೆಗಳ ನಿಜವಾದ ಮಜಾ ಇರುವುದೇ ಇಲ್ಲಿ. ಮೂರು ವಾಕ್ಯ ಸಾಕು. 'ಬಕಾಲ್' ಅಂದರೆ ಕೊಳ್ಳುವುದು, 'ಬಾತಾ' ಅಂದರೆ ಮಗು, 'ಇಸ್ದಾ' ಅಂದರೆ ಮೀನು.

'ನಗ್‌ಬಕಾಲ್ ಆಂಗ್ ಬಾತಾ ಸಾಂಗ್ ಇಸ್ದಾ.' ಮಗು ಮೀನು ಕೊಂಡಿತು.
'ಗಿನ್‌ಬಕಾಲ್ ಸಾಂಗ್ ಬಾತಾ ಆಂಗ್ ಇಸ್ದಾ.' ಆ ಮೀನನ್ನು ಮಗು ಕೊಂಡಿತು.
'ಗಿನ್‌ಬಕ್ಲಾನ್ ಸಾಂಗ್ ಬಾತಾ ಸಾಂಗ್ ಇಸ್ದಾ ಸಿ ನಾನಾಯ್.' ಅಮ್ಮನಿಗೆ ಮಗು ಮೀನು ಕೊಂಡು ಕೊಟ್ಟಿತು.

ಕನ್ನಡದಲ್ಲಿ ಯಾರು, ಯಾವುದನ್ನು, ಯಾರಿಗೆ ಎಂಬುದನ್ನು ನಾಮಪದದ ಬಾಲ ಹೇಳುತ್ತೆ: ಮೀನನ್ನು, ಅಮ್ಮನಿಗೆ. ಹಿಲಿಗಾಯ್ನೋನಿನಲ್ಲಿ ಆ ಕೆಲಸದ ಬಹುಪಾಲು ಕ್ರಿಯಾಪದದ್ದು. ವಾಕ್ಯದಲ್ಲಿ ಒಂದೇ ಒಂದು ಪದಕ್ಕೆ 'ಆಂಗ್' ಸಿಗುತ್ತೆ. (ಅದು ಯಾರಾದರೂ ವ್ಯಕ್ತಿಯ ಹೆಸರಾದರೆ 'ಸಿ'.) ದೀಪ ಅದರ ಮೇಲೆ ಬಿದ್ದಿದೆ ಅಂದುಕೊಳ್ಳಿ. ದೀಪದ ಕೆಳಗಿರುವವರು ಕೊಂಡವರೋ, ಕೊಂಡದ್ದೋ, ಯಾರಿಗಾಗಿ ಕೊಂಡರೋ ಅವರೋ ಅನ್ನುವುದನ್ನು ಕ್ರಿಯಾಪದ ತನ್ನ ತಲೆಯನ್ನೋ ಬಾಲವನ್ನೋ ಬದಲಿಸಿ ತಿಳಿಸುತ್ತೆ. 'ನಗ್' ಬಂದರೆ ಮಾಡಿದವರು. 'ಗಿನ್' ಬಂದರೆ ಆದದ್ದು. ಜೊತೆಗೆ ಬಾಲದಲ್ಲಿ 'ಆನ್' ಇದ್ದರೆ ಯಾರಿಗೋ ಅಥವಾ ಎಲ್ಲಿಯೋ.

ಇದನ್ನು ಇಂಗ್ಲಿಷ್ ಕರ್ತರಿ-ಕರ್ಮಣಿ ಪ್ರಯೋಗ ಅಂತ ಪಾಠ ಹೇಳಿದರೆ ಅರ್ಥ ಕೆಡುತ್ತೆ. 'ಗಿನ್‌ಬಕಾಲ್' ವಾಕ್ಯ 'ಕೊಳ್ಳಲ್ಪಟ್ಟಿತು' ಎಂಬಂಥ ಸರ್ಕಾರಿ ಕಾಗದದ ವಾಕ್ಯವಲ್ಲ. ದಿನಾ ಆಡುವ ಮಾತು. ನಾವು 'ಮೀನು ಕೊಂಡೆ' ಅನ್ನುವುದಕ್ಕೂ 'ಆ ಮೀನನ್ನು ಕೊಂಡೆ' ಅನ್ನುವುದಕ್ಕೂ ಇರುವ ವ್ಯತ್ಯಾಸವೇ ಅವರ ಮೊದಲೆರಡು ವಾಕ್ಯಗಳ ನಡುವೆ ಇರುವುದು. ಯಾವುದೋ ಒಂದು ಮೀನಾದರೆ 'ಸಾಂಗ್ ಇಸ್ದಾ', ನಮಗಿಬ್ಬರಿಗೂ ಗೊತ್ತಿರುವ ಮೀನಾದರೆ 'ಆಂಗ್ ಇಸ್ದಾ'.

ಕಾಲದ ವಿಷಯದಲ್ಲಿ ಅವರು ನೋಡುವುದು ಕೆಲಸ ಶುರುವಾಯಿತೋ, ಮುಗಿಯಿತೋ ಅಂತ. 'ನಗ್‌ಕಾಓನ್' ಅಂದರೆ ತಿಂದಾಯಿತು. 'ನಗಾಕಾಓನ್' ಅಂದರೆ ತಿನ್ನುತ್ತಾ ಇದೆ. 'ಮಕಾಓನ್' ಅಂದರೆ ಇನ್ನು ತಿನ್ನಬೇಕು. 'ನಾವು' ಅನ್ನುವುದಕ್ಕೂ ಅವರಲ್ಲಿ ಎರಡು ಪದ. ಕೇಳುವವರನ್ನೂ ಸೇರಿಸಿಕೊಂಡರೆ 'ಕಿತಾ', ಬಿಟ್ಟರೆ 'ಕಮಿ'. ತುಳು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ನಮ', 'ಎಂಕುಲು' ಇದ್ದಾವಲ್ಲ.

ಇಲೊಂಗೊ ಬಾಯಿಯ ಗುರುತು 'ಗಿದ್' ಎಂಬ ಚಿಕ್ಕ ಪದ. ಊಟ ಚೆನ್ನಾಗಿದ್ದರೆ 'ನಾಮಿತ್'. ನಿಜಕ್ಕೂ ಚೆನ್ನಾಗಿದ್ದರೆ 'ನಾಮಿತ್ ಗಿದ್'. ನಮ್ಮ 'ಚೆನ್ನಾಗೇ ಇದೆ' ಅನ್ನುವಾಗಿನ 'ಏ' ಇದೆಯಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಇನ್ನೊಂದು 'ಪಲಂಗ್ಗಾ'. ಮುದ್ದು, ಅಕ್ಕರೆ, ಒಲವು ಮೂರೂ ಅದರಲ್ಲಿವೆ. ಮಗುವಿಗೂ ಸಲ್ಲುತ್ತೆ, ಹೆಂಡತಿಗೂ ಸಲ್ಲುತ್ತೆ. ಹುಡುಗಿಯನ್ನು 'ಇಂದಾಯ್', ಹುಡುಗನನ್ನು 'ತೊತೊ' ಅಂತ ಕರೆಯುತ್ತಾರೆ. ಹೊರಡುವವರಿಗೆ 'ಹಲೊಂಗ್', ಅಂದರೆ ಜೋಪಾನ. ಇಲೊಂಗೊಗಳು ಜಗಳವಾಡಿದರೂ ಹಾಡಿದ ಹಾಗಿರುತ್ತೆ ಅಂತ ಉಳಿದ ಫಿಲಿಪಿನೊಗಳು ತಮಾಷೆ ಮಾಡುತ್ತಾರೆ. ರಾಗ ಎಳೆಯುವುದು ನಿಜ. ಸ್ವಭಾವವೂ ಹಾಗೇ ಅಂದುಬಿಟ್ಟರೆ ಕಬ್ಬಿನ ಗದ್ದೆಗಳ ಚರಿತ್ರೆ ಓದಿಲ್ಲ ಅಂತ ಅರ್ಥ.

ಕತೆಗಳಿಗೆ ಬಂದರೆ ಮೊದಲು ಒಂದು ಗೊಂದಲ ಬಿಡಿಸಬೇಕು. ಹಿಲಿಗಾಯ್ನೋನ್ ಜಾನಪದ ಅಂತ ಹುಡುಕಿದರೆ ಮೊದಲು ಸಿಗುವುದು 'ಹಿನಿಲಾವೊದ್' ಮಹಾಕಾವ್ಯ. ಅದು ಹಾಲಾವೊದ್ ಹೊಳೆಬಾಯಿಯ ಕತೆಗಳು ಅಂತ ಹೆಸರು ಪಡೆದದ್ದು. ಆ ಹೊಳೆಗೆ ಈಗ ಹಲಾಉರ್ ಅನ್ನುತ್ತಾರೆ. ತಮಾಷೆ ಏನೆಂದರೆ ಹೆಸರು ಹೊಳೆಬಾಯಿಯದು, ಹಾಡಿ ಉಳಿಸಿಕೊಂಡವರು ಮಾತ್ರ ಬೆಟ್ಟದವರು. ಪನಾಯ್ ನಡುಬೆಟ್ಟದ ಸುಲೊದ್ ಅಥವಾ ಪನಾಯ್ ಬುಕಿದ್ನೊನ್ ಜನರ ಸ್ವತ್ತು ಅದು. ಹಾಡಿನ ಭಾಷೆ ಹಿಲಿಗಾಯ್ನೋನ್ ಅಲ್ಲ, ಕಿನರಾಯಾಕ್ಕೆ ಹತ್ತಿರದ ಹಳೆಯ ನುಡಿ. ಇಲೊಯಿಲೊದವರೇ ಆದ ಮಾನವಶಾಸ್ತ್ರಜ್ಞ ಲಾಂಡಾ ಹೊಕಾನೊ 1950ರ ದಶಕದಲ್ಲಿ ಟೇಪ್ ರೆಕಾರ್ಡರ್ ಹೊತ್ತು ಬೆಟ್ಟ ಹತ್ತಿದರು. ಅವರು ಸೆರೆಹಿಡಿದ ಪಾಠ ಸುಮಾರು 30 ಗಂಟೆಯದು, 28,000ಕ್ಕೂ ಹೆಚ್ಚು ಸಾಲು.

ಇಂಥ ಹಾಡನ್ನು ತಲೆಯಲ್ಲಿ ಇಟ್ಟುಕೊಂಡವರಲ್ಲಿ 'ಬಿನುಕೊತ್' ಎಂಬ ಹೆಣ್ಣುಮಕ್ಕಳು ಮುಖ್ಯರು. ಮನೆಯ ಒಬ್ಬ ಮಗಳನ್ನು ಬಿಸಿಲು ತಾಗದಂತೆ, ಹೊರಗಿನವರ ಕಣ್ಣಿಗೆ ಬೀಳದಂತೆ ಒಳಗೇ ಬೆಳೆಸುವ ಪದ್ಧತಿ ಇತ್ತು. ಗದ್ದೆಗೆ ಹೋಗುವ ಹಾಗಿಲ್ಲ, ನೀರು ತರುವ ಹಾಗಿಲ್ಲ. ಹಾಡು ಕಲಿಯುವುದೇ ಅವಳ ಕೆಲಸ. ಕಾವ್ಯ ಉಳಿದದ್ದು ಹೀಗೆ ಅಂತ ಹೊಗಳುವಾಗ ಆ ಹುಡುಗಿ ಕಂಡ ಜಗತ್ತು ಎಷ್ಟು ಅಗಲ ಇತ್ತು ಅಂತಲೂ ಕೇಳಬೇಕಾಗುತ್ತೆ. ಹಾಡುವವರಲ್ಲಿ ಗಂಡಸರೂ ಇದ್ದರು. ಕಲಿನೊಗ್ ಊರಿನ ಫೆದೆರಿಕೊ ಕಬಾಯೆರೊ ಅವರಿಗೆ 2000ದಲ್ಲಿ ಅಲ್ಲಿನ ಸರ್ಕಾರ 'ರಾಷ್ಟ್ರದ ಜೀವಂತ ನಿಧಿ' ಎಂಬ ಗೌರವ ಕೊಟ್ಟಿತು.

ಕಾವ್ಯದ ಒಂದು ಭಾಗ ಲಾಬಾವ್ ದೊಂಗ್ಗೊನ್‌ನದು. ತಾಯಿ ಅಲುನ್ಸಿನಾ ದೇವತೆ, ತಂದೆ ಮನುಷ್ಯ. ಹುಟ್ಟಿದೊಡನೆ ದೊಡ್ಡವನಾಗಿ ಹೆಣ್ಣು ಹುಡುಕಿ ಹೊರಟವನು ಇವನು. ಇಬ್ಬರನ್ನು ಮದುವೆಯಾದ ಮೇಲೆ ಮೂರನೆಯವಳ ಮೇಲೆ ಕಣ್ಣು ಬಿತ್ತು. ಅವಳು ಆಗಲೇ ಸಾರಗ್ನಾಯನ್ ಎಂಬ ಕತ್ತಲೆಯ ಒಡೆಯನ ಹೆಂಡತಿ. ಯುದ್ಧ ವರ್ಷಗಟ್ಟಲೆ ನಡೆಯಿತು. ಎದುರಾಳಿಯನ್ನು ನೀರಿನೊಳಗೆ ಅದುಮಿ ಹಿಡಿದರೂ ಸಾಯಲೊಲ್ಲ. ಕೊನೆಗೆ ಸೋತ ನಾಯಕ ಅವನ ಮನೆಯ ಕೆಳಗಿನ ಹಂದಿಗೂಡಿನಲ್ಲಿ ಸೆರೆಬಿದ್ದ. ಬಿಡಿಸಲು ಬಂದವರು ಇಬ್ಬರು ಹೆಂಡತಿಯರ ಮಕ್ಕಳು. ಸಾರಗ್ನಾಯನ್‌ನ ಜೀವ ಅವನ ಮೈಯಲ್ಲಿಲ್ಲ, ಒಂದು ಕಾಡುಹಂದಿಯಲ್ಲಿದೆ ಅಂತ ಅಜ್ಜಿ ಅಲುನ್ಸಿನಾ ಗುಟ್ಟು ಹೇಳಿದಳು. ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯಲ್ಲಿ ಅಡಗಿರುವ ಕತೆ ಕೇಳಿ ಬೆಳೆದ ನಮಗೆ ಇದು ಹೊಸದೇ ಅನಿಸುವುದಿಲ್ಲ. ಇನ್ನೊಂದು ಪರಿಚಯದ ಮುಖವೂ ಉಂಟು. ಆ ಮೂರನೆಯವಳ ಉದ್ದ ಹೆಸರಿನ ಕೊನೆಯ ಪದ 'ದಿವಾತಾ'. ಅದು ನಮ್ಮ 'ದೇವತಾ'. ಮಲಯ ಸೀಮೆಯ ಹಡಗು ಹತ್ತಿ ಅಲ್ಲಿಗೆ ಹೋಗಿದೆ.

ಹಳೆಯದು ಅಂತ ಎಲ್ಲವನ್ನೂ ನಂಬುವ ಹಾಗೂ ಇಲ್ಲ. ಬೋರ್ನಿಯೊದಿಂದ ಹತ್ತು ಮಂದಿ ದಾತುಗಳು, ಅಂದರೆ ಒಡೆಯರು, ಪನಾಯ್‌ಗೆ ಬಂದರಂತೆ. ಅಲ್ಲಿನ ಆತಿ ಜನರ ನಾಯಕ ಮರಿಕುದೊಗೆ ಬಂಗಾರದ ಟೋಪಿ, ಅವನ ಹೆಂಡತಿಗೆ ನೆಲ ಮುಟ್ಟುವಷ್ಟು ಉದ್ದದ ಬಂಗಾರದ ಸರ ಕೊಟ್ಟು ಬಯಲುಸೀಮೆ ಕೊಂಡರಂತೆ. ಇದನ್ನು 1907ರಲ್ಲಿ ಪೆದ್ರೊ ಮೊಂತೆಕ್ಲಾರೊ 'ಮರಗ್ತಾಸ್' ಎಂಬ ಪುಸ್ತಕದಲ್ಲಿ ಬರೆದರು. ಅದು ಜನರ ಬಾಯಲ್ಲಿದ್ದ ಐತಿಹ್ಯ, ಐತಿಹ್ಯವಾಗಿಯೇ ಇರಲಿ. ಆದರೆ 'ಕಲಂತಿಯಾವ್ ಕಾನೂನು' ಅಂತ ಇನ್ನೊಂದಿತ್ತು. 1433ರದ್ದು ಅನ್ನುತ್ತಿದ್ದರು. ತಪ್ಪು ಮಾಡಿದವರನ್ನು ಮೊಸಳೆಗೆ ಹಾಕು, ಇರುವೆಗೆ ಹಾಕು ಎಂಬಂಥ ಶಿಕ್ಷೆಗಳು. ಶಾಲಾ ಪಠ್ಯದಲ್ಲಿ ಬಂತು, ನೌಕಾಪಡೆಯ ಹಡಗೊಂದಕ್ಕೂ ಆ ಹೆಸರಿಟ್ಟರು. 1968ರಲ್ಲಿ ವಿಲಿಯಂ ಹೆನ್ರಿ ಸ್ಕಾಟ್ ಎಂಬ ಇತಿಹಾಸಕಾರ ಮೂಲ ಕಾಗದ ಹುಡುಕುತ್ತ ಹೋದಾಗ ದಾರಿ ಹೊಸೆ ಮಾರ್ಕೊ ಎಂಬ ನೆಗ್ರೋಸ್‌ನವನ ಹತ್ತಿರ ಹೋಗಿ ನಿಂತಿತು. ಕಾನೂನು ಇಪ್ಪತ್ತನೆಯ ಶತಮಾನದ ಖೋಟಾ. ಅಲ್ಲಿನ ರಾಷ್ಟ್ರೀಯ ಇತಿಹಾಸ ಸಂಸ್ಥೆ ಅದನ್ನು ಅಧಿಕೃತವಾಗಿ ತಳ್ಳಿಹಾಕುವ ಹೊತ್ತಿಗೆ 2004 ಆಗಿತ್ತು.

ಮನೆಮನೆಯ ಕತೆಗಳು ಇದಕ್ಕಿಂತ ಹಗುರ. ರಾತ್ರಿ ಹೊತ್ತು ಹೆದರಿಸುವ ಅಸ್ವಾಂಗ್, ಆಲದಂಥ ಮರದಲ್ಲಿ ಬಿಳಿಚಿಕೊಂಡಿರುವ ತಮಾವೊ, ಚಂದ್ರನನ್ನು ನುಂಗುವ ಬಕುನಾವಾ ಎಂಬ ಹಾವು. ಗ್ರಹಣದ ದಿನ ಪಾತ್ರೆ ಬಡಿದು ಗದ್ದಲ ಮಾಡಿದರೆ ಅದು ಹೆದರಿ ಚಂದ್ರನನ್ನು ಉಗುಳುತ್ತಂತೆ. ಇನ್ನು ಹುವಾನ್ ಪುಸೊಂಗ್. ಇವನು ಶುದ್ಧ ಕಿಲಾಡಿ. ರಾಜ ಇವನನ್ನು ಕಡಲಿಗೆ ಹಾಕಲು ಪಂಜರದಲ್ಲಿಟ್ಟ. 'ರಾಜಕುಮಾರಿಯನ್ನು ಮದುವೆಯಾಗು ಅಂತ ಬಲವಂತ ಮಾಡ್ತಿದ್ದಾರೆ, ನನಗೆ ಬೇಡ' ಅಂತ ಅತ್ತು ಇನ್ನೊಬ್ಬನನ್ನು ಒಳಗೆ ಕೂರಿಸಿ ಇವನು ಹೊರಗೆ ಬಂದ. ಕೆಲವು ದಿನ ಕಳೆದು ಅರಮನೆಗೆ ಹೋಗಿ, ಕಡಲ ತಳದಲ್ಲಿ ಸತ್ತ ಬಂಧುಗಳೆಲ್ಲ ಸುಖವಾಗಿದ್ದಾರೆ ಅಂದ. ರಾಜ ತಾನೇ ಪಂಜರ ತರಿಸಿಕೊಂಡ. ಆಮೇಲೆ ಏನಾಯಿತು ಅಂತ ಹೇಳಬೇಕಿಲ್ಲ ಅಲ್ವಾ.

ಒಗಟಿಗೆ ಅವರ ಮಾತು 'ಪಕ್ತಾಕೊನ್', ಗಾದೆಗೆ 'ಹುರುಬಾತೊನ್', ಕತೆಗೆ 'ಸುಗಿಲಾನೊನ್'. ಇಲೊಂಗೊ ತಾಯಂದಿರೆಲ್ಲ ಹಾಡುವ ಒಂದು ಜೋಗುಳವಿದೆ. ಅಮ್ಮ ಮನೆಯಲ್ಲಿಲ್ಲ, ಅಂಗಡಿಗೆ ರೊಟ್ಟಿ ತರಲು ಹೋಗಿದ್ದಾಳೆ, ಸದ್ಯಕ್ಕೆ ಮಲಗು ಅಂತ. ಆ 'ಸದ್ಯಕ್ಕೆ' ನಮ್ಮ ಮೊದಲಿನ ಆನಾಯ್. ಈ ಮಾತಿನಲ್ಲೇ ಒಂದರಿಂದ ಮೂರನೇ ತರಗತಿಯ ಪಾಠ ನಡೆಯಲಿ ಅಂತ 2013ರ ಕಾಯ್ದೆ ಹೇಳಿತ್ತು. 2024ರಲ್ಲಿ ಬಂದ ಇನ್ನೊಂದು ಕಾಯ್ದೆ ಆ ಕಡ್ಡಾಯವನ್ನು ತೆಗೆದುಹಾಕಿತು.

ಈಗ ಲೊಆರ್ಕಾ ಬರೆದಿಟ್ಟ ಕತೆ. ಕಡಲಂಚಿನ ಇಲಿಗೇಯ್ನೆಸ್ ಹೇಳಿದ್ದು.

ನೆಲದ ಗಾಳಿಯೂ ಕಡಲ ಗಾಳಿಯೂ ಮದುವೆಯಾದವು. ನೆಲದ ಗಾಳಿ ಒಂದು ಜೊಂಡು ಹೆತ್ತಿತು. ಕಪ್ತಾನ್ ದೇವರು ಅದನ್ನು ನೆಟ್ಟ. ಜೊಂಡು ಎರಡಾಗಿ ಸೀಳಿ ಒಬ್ಬ ಗಂಡು, ಒಬ್ಬ ಹೆಣ್ಣು ಬಂದರು. ಗಂಡು ಮದುವೆಯಾಗೋಣ ಅಂದ. ಹೆಣ್ಣು ಬೇಡ ಅಂದಳು: ನಾವು ಒಂದೇ ಜೊಂಡಿನವರು, ನಡುವೆ ಇದ್ದದ್ದು ಒಂದೇ ಗೆಣ್ಣು, ನೀನು ನನ್ನ ಒಡಹುಟ್ಟು. ಕೊನೆಗೆ ಕೇಳಿ ನೋಡೋಣ ಅಂತ ಹೊರಟರು. ಕಡಲಿನ ಟ್ಯೂನಾ ಮೀನುಗಳನ್ನು ಕೇಳಿದರು, ಗಾಳಿಯ ಪಾರಿವಾಳಗಳನ್ನು ಕೇಳಿದರು, ಭೂಕಂಪವನ್ನೂ ಕೇಳಿದರು. ಜಗತ್ತು ತುಂಬಬೇಕಲ್ಲ, ಮದುವೆಯಾಗಿ ಅಂದವು.

ಅವರ ಮಗ ಪಂದಗ್ವಾನ್. ಮೊದಲು ಬಲೆ ಹೆಣೆದವನು. ಮೊದಲ ಸಲವೇ ಒಂದು ಶಾರ್ಕ್ ಸಿಕ್ಕಿತು. ಅದು ಸಾಯುವುದಿಲ್ಲ ಅಂದುಕೊಂಡು ದಡಕ್ಕೆ ತಂದ. ಅದು ಸತ್ತಿತು. ಆವರೆಗೆ ಯಾರೂ ಸತ್ತಿರಲಿಲ್ಲ. ಪಂದಗ್ವಾನ್ ಗೋಳಾಡಿ ಅತ್ತು, ಮೀನಿಗೆ ತಿಥಿ ಮಾಡಿದ. ಏನು ಗಲಾಟೆ ಅಂತ ನೋಡಿ ಬರಲು ದೇವರು ನೊಣಗಳನ್ನು ಕಳಿಸಿದ, ಅವು ಹೆದರಿದವು. ಧಾನ್ಯದ ಮೂತಿಹುಳ ಹೋಗಿ ಸುದ್ದಿ ತಂದಿತು. ಒಂದು ಮೀನಿಗೆ ಇಷ್ಟೆಲ್ಲವೇ ಅಂತ ಸಿಟ್ಟಾಗಿ ದೇವರು ಸಿಡಿಲು ಹೊಡೆದು ಪಂದಗ್ವಾನ್‌ನನ್ನು ಕೊಂದ.

ಮೂವತ್ತು ದಿನ ಕಳೆದ ಮೇಲೆ ಕನಿಕರ ಬಂದು ವಾಪಸ್ ಕಳಿಸಿದರು. ಮನೆಗೆ ಬಂದರೆ ಹೆಂಡತಿ ಇಲ್ಲ. ಅಷ್ಟರಲ್ಲಿ ಅವಳು ಇನ್ನೊಬ್ಬನ ಜೊತೆಗಿದ್ದಳು. ಅವನು ಕದ್ದು ತಂದ ಹಂದಿಯ ಊಟಕ್ಕೆ ಹೋಗಿದ್ದಳು. ಲೋಕದ ಮೊದಲ ಕಳ್ಳತನ ಅದೇ ಅಂತೆ. ಕರೆತರಲು ಮಗನನ್ನು ಅಟ್ಟಿದ. 'ಸತ್ತವರು ಎಲ್ಲಾದರೂ ತಿರುಗಿ ಬರುತ್ತಾರೆಯೇ' ಅಂದು ಅವಳು ಊಟ ಬಿಟ್ಟು ಏಳಲಿಲ್ಲ. ಪಂದಗ್ವಾನ್ ಸಿಟ್ಟು ಮಾಡಿಕೊಂಡು ಬಂದ ದಾರಿಯಲ್ಲೇ ಪಾತಾಳಕ್ಕೆ ನಡೆದ. ಅವತ್ತು ಅವಳು ಎದ್ದು ಬಂದಿದ್ದರೆ, ಅವನು ಹೋಗದೆ ಉಳಿದಿದ್ದರೆ, ಸತ್ತವರೆಲ್ಲ ವಾಪಸ್ ಬರುತ್ತಿದ್ದರು ಅಂತ ಇಲಿಗೇಯ್ನೆಸ್ ನಂಬಿದ್ದರು. ಆ ಊಟ ಮುಗಿಯುವವರೆಗೆ ಅವನಿಗೆ ಯಾರಾದರೂ 'ಆನಾಯ್' ಅನ್ನಬಾರದಿತ್ತೇ ಅಂತ ನನಗೆ ಪ್ರತಿ ಸಲ ಅನಿಸುತ್ತೆ.